ಎನ್ಲಾರ್ಜರ್ ಲೆನ್ಸ್ ಒಳಗೆ ಬಿಳಿ ಚುಕ್ಕೆ, ಜೊತೆಗೆ ಮಬ್ಬು: ಬಿಚ್ಚಬೇಕಾ, ಬಿಡಬೇಕಾ?

ಕೆಂಪುದೀಪ:
ಎಲ್ರಿಗೂ ನಮಸ್ಕಾರ. ನನ್ನ ಹತ್ರ ಒಂದು 50 ಎಂಎಂ ಎಫ್ 2.8 ಎನ್ಲಾರ್ಜರ್ (ಕತ್ತಲೆ ಕೋಣೇಲಿ ಫಿಲ್ಮ್ ನೆಗೆಟಿವನ್ನ ಪೇಪರ್ ಮೇಲೆ ದೊಡ್ಡದಾಗಿ ಬೀಳಿಸೋ ಯಂತ್ರ) ಲೆನ್ಸ್ ಇದೆ, 6 ಗಾಜಿಂದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೂರು ವರ್ಷದಿಂದ ಇದ್ರಲ್ಲೇ ಪ್ರಿಂಟ್ ಮಾಡ್ತಿದೀನಿ, ಯಾವತ್ತೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಮೊನ್ನೆ ಲೆನ್ಸ್ ಬೋರ್ಡ್ ಒರೆಸೋಣ ಅಂತ ತೆಗೆದೋನು ಸುಮ್ನಿರಲಾರ್ದೆ ಹಿಂದ್ಗಡೆಯಿಂದ ಟಾರ್ಚ್ ಬಿಟ್ಟು ನೋಡ್ದೆ, ಅವತ್ತಿಂದ ನಿದ್ದೆ ಇಲ್ಲ. ಅಂಚಲ್ಲಿ ಐದಾರು ಬಿಳಿ ಚುಕ್ಕೆ, ಸುಣ್ಣದ ಪುಡಿ ಉದುರಿಸಿದಂಗೆ. ಮಧ್ಯಕ್ಕೆ ಹತ್ರ ಒಂದು ಕಪ್ಪು ಚುಕ್ಕೆ, ಸೂಜಿ ಮೊನೆಯಷ್ಟು. ಇದೆಲ್ಲದ್ರ ಹಿಂದೆ ಒಂಥರಾ ತೆಳು ಪೊರೆ, ಕನ್ನಡಕದ ಮೇಲೆ ಉಸಿರು ಬಿಟ್ರೆ ಆಗುತ್ತಲ್ಲ ಹಾಗೆ, ಆದ್ರೆ ಇದು ಆರಲ್ಲ.

ಹೊರಗಿನ ಗಾಜು ಎರಡೂ ಕಡೆ ಒರೆಸಿ ನೋಡ್ದೆ, ಏನೂ ಬದಲಾಗ್ಲಿಲ್ಲ, ಅಂದ್ರೆ ಒಳಗೇ ಇದೆ. ಇನ್ನೊಂದು ವಿಷ್ಯ, ಈಚೆಗೆ ಪ್ರಿಂಟಲ್ಲಿ ಮೋಡ, ಬಿಳಿ ಅಂಗಿ ಇಂಥದ್ದೆಲ್ಲ ಬೂದು ಬೂದಾಗಿ ಬರ್ತಿದೆ, ಪೇಪರ್ ಹಳೇದಾಯ್ತೇನೋ ಅನ್ಕೊಂಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ? ಬಿಚ್ಚಿ ಕ್ಲೀನ್ ಮಾಡಿರೋರು ಯಾರಾದ್ರೂ ಇದ್ರೆ ಹೇಳಿ, ಸ್ಕ್ರೂಡ್ರೈವರ್ ಪಕ್ಕದಲ್ಲೇ ಇಟ್ಕೊಂಡು ಟೈಪ್ ಮಾಡ್ತಿದೀನಿ.

ಎಫ್_ಎಂಟು:
ಮೊದ್ಲು ಆ ಸ್ಕ್ರೂಡ್ರೈವರ್ ಒಳಗಿಡಿ ಗುರುಗಳೇ. ಟಾರ್ಚ್ ಬಿಟ್ಟು ನೋಡಿದ್ರೆ ಜಗತ್ತಲ್ಲಿ ಯಾವ ಲೆನ್ಸೂ ಕ್ಲೀನಾಗಿ ಕಾಣಲ್ಲ, ಹೊಸದೂ ಕಾಣಲ್ಲ. ಲೆನ್ಸ್ ಒಳಗಿನ ಚುಕ್ಕೆ ಪೇಪರ್ ಮೇಲೆ ಚುಕ್ಕೆಯಾಗಿ ಬರೋಕೆ ಸಾಧ್ಯನೇ ಇಲ್ಲ, ಯಾಕಂದ್ರೆ ಅದು ಫೋಕಸಲ್ಲಿ ಇರೋದೇ ಇಲ್ಲ.

ಬೇಕಾದ್ರೆ ಲೆಕ್ಕ ಹಾಕಿ. 50 ಎಂಎಂ ಲೆನ್ಸು ಎಫ್ 2.8ರಲ್ಲಿ ಹೆಚ್ಚುಕಮ್ಮಿ 18 ಎಂಎಂ ಅಗಲದ ತೂತು. ಅದ್ರಲ್ಲಿ 1 ಎಂಎಂ ಚುಕ್ಕೆ ಇದ್ರೆ ತಡೆಯೋ ಬೆಳಕು 0.3 ಪರ್ಸೆಂಟ್. ಎಫ್ 8ರಲ್ಲಿ ತೂತು 6 ಎಂಎಂ ಚಿಲ್ರೆ ಆಗುತ್ತೆ, ಆಗ್ಲೂ ಎರಡೂವರೆ ಪರ್ಸೆಂಟ್. ಟೈಮರ್‌ನ 10 ಸೆಕೆಂಡಲ್ಲಿ ಕಾಲು ಸೆಕೆಂಡ್! ಅದನ್ನ ಯಾರ ಕಣ್ಣು ಗುರುತಿಸುತ್ತೆ ಹೇಳಿ. ಎಫ್ 16ಕ್ಕೆ ಹೋದ್ರೆ ಸುಮಾರು 10 ಪರ್ಸೆಂಟ್ ಆಗುತ್ತೆ, ನಿಜ, ಆದ್ರೆ ಎಫ್ 16ರಲ್ಲಿ ಪ್ರಿಂಟ್ ಮಾಡೋರು ಯಾರ್ರೀ, ಅಲ್ಲಿ ಡಿಫ್ರಾಕ್ಷನ್ನೇ (ಸಣ್ಣ ತೂತಲ್ಲಿ ಬೆಳಕು ಬಾಗಿ ಹರಡೋದು) ಶಾರ್ಪ್‌ನೆಸ್ ತಿಂದುಹಾಕುತ್ತೆ. ನಿಮ್ಮ ಚುಕ್ಕೆಗಳಂತೂ ಅಂಚಲ್ಲಿವೆ, ಎಫ್ 5.6 ದಾಟಿದ್ರೆ ತೂತು ಕಿರಿದು ಮಾಡೋ ಬ್ಲೇಡ್ ಹಿಂದೆ ಅಡಗಿ ಕೂತ್ಕೊಳ್ತವೆ. ನೆಗಡಿ ಬಂತು ಅಂತ ಮೂಗು ಕೊಯ್ಕೋಬೇಡಿ.

ಹೈಪೋಹನಿ:
ಎಫ್_ಎಂಟು ಅವ್ರೇ ಚುಕ್ಕೆ ವಿಷಯದಲ್ಲಿ ನೀವು ಹೇಳಿದ್ದು ಸರಿ, ಆದ್ರೆ ಅವ್ರು ಪೊರೆ ಇದೆ ಅಂತಾನೂ ಬರೆದಿದಾರೆ, ಅದನ್ನ ಬಿಟ್ಟೇಬಿಟ್ರಿ. ನನಗೆ ಕಾಡಿದ್ದು ಆ ಬೂದು ಮೋಡದ ಮಾತು.

ಕ್ಯಾಮರಾ ಲೆನ್ಸಲ್ಲಿ ಮಬ್ಬು ಇದ್ರೆ ಏನಾಗುತ್ತೆ, ಆಕಾಶದ ಬೆಳಕು ಚೆದುರಿ ನೆರಳಿಗೆ ಸೋರುತ್ತೆ, ಕಪ್ಪು ಕಪ್ಪಾಗಿರಲ್ಲ. ಎನ್ಲಾರ್ಜರಲ್ಲಿ ಎಲ್ಲಾ ಉಲ್ಟಾ. ನೆಗೆಟಿವಲ್ಲಿ ತೆಳುವಾಗಿರೋ ಜಾಗ, ಅಂದ್ರೆ ಪ್ರಿಂಟಲ್ಲಿ ಕಪ್ಪು ಬರೋ ಜಾಗ, ಅಲ್ಲಿಂದ್ಲೇ ಜಾಸ್ತಿ ಬೆಳಕು ಬರೋದು. ಮಬ್ಬಿದ್ರೆ ಆ ಬೆಳಕು ಚೆದುರಿ ಹೋಗಿ ಬೀಳೋದು ಪೇಪರ್ ಬಿಳಿಯಾಗಿ ಉಳೀಬೇಕಾದ ಕಡೆ. ಅದಕ್ಕೇ ಮೊದ್ಲು ಸಾಯೋದು ಹೈಲೈಟ್. ಮೋಡದಲ್ಲಿ ಒಂದಕ್ಕೊಂದು ಬೇರೆಯಾಗಿ ಕಾಣಬೇಕಾದ ಬಿಳಿಗಳೆಲ್ಲ ಒಂದೇ ಬೂದಿಯಲ್ಲಿ ಅದ್ದಿ ತೆಗೆದಂಗೆ ಆಗ್ತವೆ, ಕಪ್ಪು ಗಿಡದ ಪಕ್ಕ ಆಕಾಶ ಇದ್ರೆ ಗಿಡದ ಅಂಚಿಂದ ಮಸಿ ಹೊರಗೆ ಒಸರಿದಂಗೆ ಕಾಣುತ್ತೆ. ನಾವೇನ್ ಮಾಡ್ತೀವಿ, ಮೋಡ ಬೂದಾಯ್ತು ಅಂತ ಟೈಮ್ ಕಮ್ಮಿ ಮಾಡ್ತೀವಿ, ಆಗ ಕಪ್ಪು ಸಾಯುತ್ತೆ, ಅದಕ್ಕೆ ಗ್ರೇಡ್ (ಪೇಪರಿನ ಕಾಂಟ್ರಾಸ್ಟ್) ಏರಿಸ್ತೀವಿ, ಪ್ರಿಂಟ್ ಒರಟಾಗುತ್ತೆ, ಕೊನೆಗೆ ಪೇಪರ್ ಕಂಪನಿಗೆ ಶಾಪ ಹಾಕ್ತೀವಿ. ನಾನೇ ಒಂದು ಇಡೀ ವರ್ಷ ಹಾಗೆ ಮಾಡಿದೀನಿ.

ಆದ್ರೆ ಅದು ಲೆನ್ಸಿಂದ್ಲೇ ಅಂತ ಈಗ್ಲೇ ಹೇಳೋಕಾಗಲ್ಲ. ಸೇಫ್‌ಲೈಟ್ ಫಾಗ್ (ಡಾರ್ಕ್ ರೂಮಿನ ಮಂದ ದೀಪದಿಂದ ಪೇಪರ್ ಮಸುಕಾಗೋದು) ಇದ್ರೂ, ಪೇಪರ್ ನಿಜವಾಗ್ಲೂ ಹಳಸಿದ್ರೂ ಹೀಗೇ ಕಾಣುತ್ತೆ. ಬಿಚ್ಚೋಕೆ ಮುಂಚೆ ಒಂದು ಟೆಸ್ಟ್ ಮಾಡಿ, ಪೂರ್ತಿ ಬರೆದು ಹಾಕ್ತೀನಿ ಸ್ವಲ್ಪ ತಡೀರಿ.

ಹಳೇಗಾಜು:
ಮೇಡಂ ಟೆಸ್ಟ್ ಬರೆಯೋದ್ರೊಳಗೆ ಇನ್ನೊಂದು ಕೆಲ್ಸ ಮಾಡ್ಕೊಳ್ಳಿ. ಒಳಗಿರೋದು ಏನು, ಯಾವ ಗಾಜಿನ ಮೇಲಿದೆ, ಇದು ಗೊತ್ತಾಗದೆ ಬಿಚ್ಚಿದ್ರೆ ಬೆಟ್ಟ ಅಗೆದು ಇಲಿ ಹಿಡಿದಂಗೆ, ಒಮ್ಮೊಮ್ಮೆ ಇಲಿನೂ ಸಿಗಲ್ಲ.

ಕೋಣೆ ಕತ್ತಲು ಮಾಡಿ, ಎದುರಿಗೆ ಕಪ್ಪು ಬಟ್ಟೆ, ಸಣ್ಣ ಎಲ್ಇಡಿ ಟಾರ್ಚು, ಜೊತೆಗೆ 10 ಪಟ್ಟಿನ ಲೂಪ್ (ಕಣ್ಣಿಗೆ ಹಿಡಿಯೋ ಪುಟ್ಟ ಭೂತಗನ್ನಡಿ) ಇದ್ರೆ ಒಳ್ಳೇದು. ಟಾರ್ಚ್ ನೇರ ಕಣ್ಣಿಗೆ ಬರೋ ಹಾಗೆ ಹಿಡೀಬೇಡಿ, ಓರೆಯಾಗಿ ಬಿಡಿ, ಗಾಜು ಕಪ್ಪಾಗಿ ಕಾಣ್ಬೇಕು, ಕೊಳೆ ಮಾತ್ರ ಹೊಳೀಬೇಕು. ಈಗ ಲೆನ್ಸನ್ನ ಎಫ್ 16ಕ್ಕೆ ಮುಚ್ಚಿ ಮುಂದ್ಗಡೆಯಿಂದ ನೋಡಿ. ಬ್ಲೇಡ್‌ಗಳ ಮೇಲೆ ತೇಲಿದಂಗೆ ಏನೇನು ಕಾಣುತ್ತೋ ಅದೆಲ್ಲ ಮುಂದಿನ ಗುಂಪಿಂದು, ಅಂದ್ರೆ ಬ್ಲೇಡ್ ಮುಂದಿರೋ ಗಾಜುಗಳದ್ದು. ತಿರುಗಿಸಿ ಹಿಂದ್ಗಡೆಯಿಂದ ನೋಡಿ, ಅಲ್ಲಿ ಕಾಣೋದು ಹಿಂದಿನ ಗುಂಪಿಂದು. ಅರ್ಧ ಪತ್ತೆ ಇಷ್ಟರಲ್ಲೇ ಮುಗೀತು. ಆಮೇಲೆ ಲೆನ್ಸನ್ನ ಮೆಲ್ಲಗೆ ಓಲಾಡ್ಸಿ. ಚುಕ್ಕೆ ಬ್ಲೇಡ್ ಅಂಚಿನ ಜೊತೆಜೊತೆಗೇ ಹೋದ್ರೆ ಅದು ಬ್ಲೇಡಿಗೆ ಅಂಟಿಕೊಂಡಂಗಿರೋ ಒಳಗಿನ ಮೈಮೇಲಿದೆ, ಬ್ಲೇಡ್‌ನ ಬಿಟ್ಟು ಜಾರಿದ್ರೆ ದೂರದ ಗಾಜಲ್ಲಿದೆ.

ಏನು ಅನ್ನೋದಕ್ಕೆ ಆಕಾರ ನೋಡ್ಬೇಕು. ಧೂಳು ಅಡ್ಡಾದಿಡ್ಡಿ, ಕೆಲವು ಎಳೆ ಎಳೆ, ಗಾಜಿಂದ ಎದ್ದು ನಿಂತಂಗೆ. ಬೂಷ್ಟು ಅಂದ್ರೆ ಫಂಗಸ್ ಒಂದು ಬಿಂದುವಿಂದ ಹೊರಟು ಕವಲೊಡೆಯುತ್ತೆ, ಜೇಡರ ಬಲೆ ಥರ, ಬೇರಿನ ಥರ, ನೋಡಿದ್ರೆ ತಪ್ಪೋದೇ ಇಲ್ಲ. ಎಣ್ಣೆ ಮಬ್ಬಿಗೆ ಆಕಾರನೇ ಇಲ್ಲ, ಸಮನಾಗಿ ಹರಡಿರುತ್ತೆ, ಲೂಪಲ್ಲಿ ನೋಡಿದ್ರೆ ಕೋಟ್ಯಂತರ ಸಣ್ಣ ಹನಿ. ಅಂಟು ಬಿಟ್ಟಿರೋ ಜೋಡಿ ಗಾಜಾದ್ರೆ ಅಂಚಿಂದ ಒಳಗೆ ಕಾಮನಬಿಲ್ಲಿನ ಬಣ್ಣ ಹರಿದಿರುತ್ತೆ, ಇಲ್ಲಾ ಎಲೆ ಥರ ಬೆಳ್ಳಿ ಮಚ್ಚೆ. ಇನ್ನು ನಿಮ್ಮ ಸುಣ್ಣದ ಪುಡಿ. ಗಾಜಿನ ಸುತ್ತಲಿನ ಅಂಚಿಗೆ ಬೆಳಕು ಪ್ರತಿಫಲಿಸಬಾರದು ಅಂತ ಕಪ್ಪು ಬಣ್ಣ ಬಳಿದಿರ್ತಾರೆ, ಅದು ಗಾಜನ್ನ ಬಿಟ್ಟುಕೊಂಡ ಕಡೆ ಬಿಳಿ ಚುಕ್ಕೆಯಾಗಿ ಹೊಳೆಯುತ್ತೆ. ಹಳಬರು ತಮಾಷೆಗೆ ಷ್ನೈಡರೈಟಿಸ್ ಅಂತಾರೆ, ಬೇರೆ ಕಂಪನಿ ಲೆನ್ಸಲ್ಲೂ ಬರುತ್ತೆ. ನೋಡೋಕೆ ಭಯಾನಕ, ಪ್ರಿಂಟಿಗೆ ಏನೂ ಮಾಡಲ್ಲ.

ಮಧ್ಯದ ಕಪ್ಪು ಚುಕ್ಕೆನ ಲೂಪಲ್ಲಿ ನೋಡಿ ಹೇಳಿ, ಅದರ ನಡುವೆ ಒಂದು ಬೆಳಕಿನ ಬಿಂದು ಕಾಣುತ್ತಾ?

ಹೈಪೋಹನಿ:
ಟೆಸ್ಟ್ ಹೀಗೆ. ಎಕ್ಸ್‌ಪೋಸ್ ಆಗದೆ ಫಿಕ್ಸ್ ಮಾಡಿರೋ ಪಾರದರ್ಶಕ ಫಿಲ್ಮ್ ತುಂಡು ತಗೊಳ್ಳಿ, ರೋಲಿನ ತುದಿಯಲ್ಲಿ ಉಳ್ದಿರುತ್ತಲ್ಲ ಅದು. ಮಧ್ಯಕ್ಕೆ 5 ಎಂಎಂ ಅಗಲದ ಕಪ್ಪು ರಟ್ಟು ಅಥವಾ ಅಲ್ಯೂಮಿನಿಯಂ ಫಾಯಿಲ್ ತುಂಡು ಅಂಟಿಸಿ, ಬೆಳಕು ಒಂಚೂರೂ ತೂರಬಾರದು. ಕ್ಯಾರಿಯರಿಗೆ (ಎನ್ಲಾರ್ಜರಲ್ಲಿ ನೆಗೆಟಿವ್ ಹಿಡಿಯೋ ಚೌಕಟ್ಟು) ಹಾಕಿ 8 ಪಟ್ಟು ದೊಡ್ಡದು ಮಾಡಿದ್ರೆ ಪೇಪರ್ ಮೇಲೆ 40 ಎಂಎಂ ನೆರಳು ಬೀಳುತ್ತೆ. ಆ ನೆರಳಿನ ಒಳಗೆ ಪೇಪರ್ ಮೇಲೆ ಒಂದು ನಾಣ್ಯ ಇಡಿ. ಸುತ್ತಲೂ ಪೂರ್ತಿ ಕಪ್ಪು ಬರೋಕೆ ಬೇಕಾದ ಟೈಮ್ ಎಷ್ಟು ಅಂತ ಮೊದ್ಲೇ ಟೆಸ್ಟ್ ಸ್ಟ್ರಿಪ್ಪಲ್ಲಿ (ಬೇರೆ ಬೇರೆ ಟೈಮ್ ಕೊಟ್ಟ ಪೇಪರ್ ಪಟ್ಟಿ) ಕಂಡ್ಕೊಂಡು, ಅಷ್ಟು ಟೈಮ್ ಒಂದು ಪ್ರಿಂಟ್, 4 ಪಟ್ಟು ಒಂದು, 16 ಪಟ್ಟು ಒಂದು ಮಾಡಿ.

ನಾಣ್ಯದ ಕೆಳಗಿರೋದು ಪೇಪರಿನ ನಿಜವಾದ ಬಿಳಿ. ನಾಣ್ಯದ ಸುತ್ತ ರಟ್ಟಿನ ನೆರಳಲ್ಲಿ ಬೆಳಕು ಬರ್ಲೇಬಾರದು, ಬಂದಿದ್ರೆ ಅದು ಚೆದುರಿದ ಬೆಳಕು. ಮೊದಲನೇ ಪ್ರಿಂಟಲ್ಲೇ ನಾಣ್ಯದ ಗುರುತು ಕಂಡ್ರೆ ತೊಂದ್ರೆ ಇದೆ ಅಂತ. 16 ಪಟ್ಟಲ್ಲಿ ಸ್ವಲ್ಪ ಕಂಡ್ರೆ ಗಾಬರಿ ಬೇಡ, ಒಳ್ಳೇ ಲೆನ್ಸಲ್ಲೂ ಕಾಣಬಹುದು. ಇದೇ ಕೆಲ್ಸ ಎನ್ಲಾರ್ಜರ್ ಆಫ್ ಮಾಡಿ ಅಷ್ಟೇ ಹೊತ್ತು ಸೇಫ್‌ಲೈಟಲ್ಲಿ ಪೇಪರ್ ಇಟ್ಟೂ ಮಾಡ್ಬೇಕು, ಅಲ್ಲೂ ನಾಣ್ಯ ಬಂದ್ರೆ ಲೆನ್ಸ್ ನಿರಪರಾಧಿ. ಎನ್ಲಾರ್ಜರ್ ಹಿಂದಿನ ಗೋಡೆ ಬಿಳಿಯಾಗಿದ್ರೆ ಕಪ್ಪು ಬಟ್ಟೆ ಇಳಿಬಿಡಿ, ಗೋಡೆಯಿಂದ ವಾಪಸ್ ಬರೋ ಬೆಳಕೂ ಮೋಸ ಮಾಡುತ್ತೆ. ಇನ್ನೊಂದು, ಕೆಲವು ಲೆನ್ಸಲ್ಲಿ ಎಫ್ ನಂಬರ್ ಬೆಳಗೋಕೆ ಅಂತ ಪಕ್ಕದಲ್ಲಿ ಕಿಟಕಿ ಇರುತ್ತೆ, ಅಲ್ಲಿಂದ ಸೋರೋ ಬೆಳಕನ್ನೂ ಟೆಸ್ಟ್ ಹೊತ್ತಿಗೆ ಟೇಪಲ್ಲಿ ಮುಚ್ಚಿ.

ಬೆಳ್ಳಿಕಣ:
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಾನು ಹೊಸಬ. ನನ್ನ ಪ್ರಿಂಟಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ ಬರ್ತಿವೆ, ದುಂಡಗೆ, ಶಾರ್ಪಾಗಿ. ಅದೂ ಲೆನ್ಸ್ ಒಳಗಿನ ಕೊಳೆನೇನಾ? ಲೆನ್ಸಿನ ರಿಂಗ್ ಬಿಚ್ಚೋ ಸ್ಪ್ಯಾನರ್ ಆರ್ಡರ್ ಮಾಡ್ಬಿಟ್ಟೆ.

ಹೈಪೋಹನಿ:
ಶಾರ್ಪಾಗಿದ್ರೆ ಲೆನ್ಸ್ ಅಲ್ಲ ತಮ್ಮಾ. ನೆಗೆಟಿವ್ ಮೇಲೆ ಧೂಳಿದ್ರೆ ಅದು ಬೆಳಕು ತಡೆದು ಪ್ರಿಂಟಲ್ಲಿ ಬಿಳಿ ಚುಕ್ಕೆ ಆಗುತ್ತೆ. ಕಪ್ಪು ಚುಕ್ಕೆ ಅಂದ್ರೆ ನೆಗೆಟಿವಲ್ಲೇ ಆ ಜಾಗ ಖಾಲಿ ಇದೆ, ಬೆಳಕು ತೂರ್ಕೊಂಡು ಬರ್ತಿದೆ. ಒಂದು ಸುಲಭದ ಪರೀಕ್ಷೆ: ನೆಗೆಟಿವನ್ನ ಕ್ಯಾರಿಯರಲ್ಲಿ ಸ್ವಲ್ಪ ಜರುಗಿಸಿ. ಚುಕ್ಕೆ ಚಿತ್ರದ ಜೊತೆ ಹೋದ್ರೆ ನೆಗೆಟಿವಿಂದು, ನಿಂತಲ್ಲೇ ನಿಂತ್ರೆ ಕ್ಯಾರಿಯರ್ ಗಾಜು ಅಥವಾ ಕಂಡೆನ್ಸರ್ (ಬಲ್ಬಿನ ಕೆಳಗಿನ ಗಾಜು). ಲೆನ್ಸ್ ಮೇಲೆ ಅನುಮಾನ ಇದ್ರೆ ಲೆನ್ಸನ್ನ ಅದರ ಥ್ರೆಡ್ಡಲ್ಲಿ ಕಾಲು ಸುತ್ತು ಸಡಿಲ ಮಾಡಿ ನೋಡಿ, ಮಚ್ಚೆನೂ ಜೊತೆಗೆ ಸುತ್ತಿದ್ರೆ ಮಾತ್ರ ಲೆನ್ಸ್ ಬಗ್ಗೆ ಮಾತಾಡೋಣ.

ಕೆಂಪುದೀಪ:
ಎರಡು ರಾತ್ರಿ ಇದೇ ಕೆಲ್ಸ. ವರದಿ ಒಪ್ಪಿಸ್ತೀನಿ.

ಬಿಳಿ ಚುಕ್ಕೆ ಎಲ್ಲಾ ಮುಂದಿನ ಗುಂಪಲ್ಲಿ, ಒಂದೇ ಗಾಜಿನ ಅಂಚಿನ ಸುತ್ತ ಸಾಲಾಗಿ ಕೂತಿವೆ. ಹಳೇಗಾಜು ಸರ್ ಹೇಳಿದಂಗೆ ಬಣ್ಣ ಬಿಟ್ಟಿರೋದೇ. ಕಪ್ಪು ಚುಕ್ಕೆ ಲೂಪಲ್ಲಿ ನೋಡಿದ್ರೆ ಕಪ್ಪು ಬಳೆ ಥರ ಇದೆ, ನಡುವೆ ಪುಟಾಣಿ ಬೆಳಕು ಹೊಳೀತಿದೆ! ಮಬ್ಬು ಮಾತ್ರ ಹಿಂದಿನ ಗುಂಪಲ್ಲಿ, ಓಲಾಡ್ಸಿದ್ರೆ ಬ್ಲೇಡ್ ಜೊತೆಗೇ ಹೋಗುತ್ತೆ, ಅಂದ್ರೆ ಬ್ಲೇಡಿಗೆ ಮುಖ ಮಾಡಿರೋ ಮೈ.

ನಾಣ್ಯದ ಟೆಸ್ಟ್: ಎಫ್ 8ರಲ್ಲಿ ಪೂರ್ತಿ ಕಪ್ಪಿಗೆ 12 ಸೆಕೆಂಡ್ ಬಂತು. 12 ಸೆಕೆಂಡ್ ಪ್ರಿಂಟಲ್ಲೇ ನಾಣ್ಯ ತೆಳ್ಳಗೆ ಕಾಣ್ತಿದೆ, ಮೊದ್ಲು ಕಣ್ಣಿನ ಭ್ರಮೆ ಅನ್ಕೊಂಡೆ, ಮನೇಲಿ ಬೇರೆಯವರಿಗೆ ತೋರ್ಸಿದ್ರೆ ದುಂಡಗೆ ಏನೋ ಇದೆ ಅಂದ್ರು. 48 ಸೆಕೆಂಡಲ್ಲಿ ಸ್ಪಷ್ಟ ಬೂದು. 192 ಸೆಕೆಂಡಲ್ಲಿ ನಾಣ್ಯ ಪೂರ್ಣಚಂದ್ರನಂಗೆ ಎದ್ದು ಕೂತಿದೆ. ಎನ್ಲಾರ್ಜರ್ ಆಫ್ ಮಾಡಿ 192 ಸೆಕೆಂಡ್ ಇಟ್ಟಿದ್ದು ಬಿಳಿನೇ, ಸೇಫ್‌ಲೈಟ್ ಪಾಸ್.

ಹಳೇಗಾಜು:
ಕಪ್ಪು ಬಳೆ, ನಡುವೆ ಬೆಳಕು ಅಂದ್ರೆ ಗಾಜಿನೊಳಗಿನ ಗಾಳಿ ಗುಳ್ಳೆ. ಗಾಜು ಕರಗಿಸುವಾಗ್ಲೇ ಸಿಕ್ಕಿಕೊಂಡಿದ್ದು, ಲೆನ್ಸ್ ಹುಟ್ಟಿದಾಗಿಂದ ಅಲ್ಲೇ ಇದೆ, ಒರೆಸೋಕೆ ಹೋಗ್ಬೇಡಿ ಒರೆಸಿದ್ರೂ ಹೋಗಲ್ಲ.

ಮಬ್ಬು ಸಿಕ್ಕ ಜಾಗ ಕೇಳಿ ಆಶ್ಚರ್ಯ ಆಗ್ಲಿಲ್ಲ. ಎನ್ಲಾರ್ಜರ್ ಲೆನ್ಸಿನ ಬದುಕು ಯೋಚ್ನೆ ಮಾಡಿ, ವರ್ಷಗಟ್ಲೆ ಬಲ್ಬಿನ ಕೆಳಗೆ ನೇತಾಡ್ತಾ ಬಿಸಿಯಾಗು, ತಣ್ಣಗಾಗು, ಮತ್ತೆ ಬಿಸಿಯಾಗು. ಅಪರ್ಚರ್ ರಿಂಗಿನ ಗ್ರೀಸಲ್ಲಿರೋ ಎಣ್ಣೆ ಆವಿಯಾಗಿ ಹತ್ತಿರದ ತಣ್ಣನೆ ಗಾಜು ಹುಡುಕ್ಕೊಂಡು ಹೋಗಿ ಕೂರುತ್ತೆ. ಹತ್ತಿರದ ಗಾಜು ಯಾವ್ದು, ಬ್ಲೇಡಿನ ಎರಡು ಪಕ್ಕದ್ದು. ಕೆಲವು ಗಾಜು ಜೋಡಿಯಾಗಿ ಅಂಟಿಸಿ ನಾಲ್ಕು ತುಂಡಾಗಿ ಜೋಡಿಸಿರೋ 6 ಗಾಜಿನ ಲೆನ್ಸಲ್ಲಿ ಗಾಳಿಗೆ ತಾಗೋ ಮೈ 8, ಹೊರಗಿಂದ ಕೈಗೆ ಸಿಗೋದು 2, ಉಳಿದ 6 ಒಳಗೆ. ಅದ್ರಲ್ಲಿ ಮಬ್ಬು ಹಿಡಿಯೋದು ಹೆಚ್ಚಾಗಿ ಆ ಬ್ಲೇಡ್ ಪಕ್ಕದ ಎರಡೇ. ಅದೃಷ್ಟಕ್ಕೆ ಅವೇ ಬಿಚ್ಚೋಕೂ ಸುಲಭ, ಬಹಳ ಲೆನ್ಸಲ್ಲಿ ಮುಂದಿನ ಅರ್ಧ ಹಿಂದಿನ ಅರ್ಧ ಎರಡೂ ಇಡಿಯಾಗಿ ತಿರುಪಿಕೊಂಡು ಹೊರಗೆ ಬರುತ್ತೆ, ಗಾಜು ಒಂದೊಂದೇ ಬಿಡಿಸೋ ಗೋಜೇ ಇಲ್ಲ.

ಎಫ್_ಎಂಟು:
ನಾಣ್ಯದ ಟೆಸ್ಟ್ ನೋಡಿ ನಾನು ಅರ್ಧ ಒಪ್ಪಿದೆ. ಚುಕ್ಕೆ ಬಿಡಿ, ಮಬ್ಬು ತೆಗೀರಿ. ಆದ್ರೂ ಹೇಳ್ತೀನಿ, ಬಿಚ್ಚಿ ಹಾಳಾದ ಲೆನ್ಸ್ ಸಂಖ್ಯೆ ಮಬ್ಬಲ್ಲಿ ಹಾಳಾದ ಲೆನ್ಸ್‌ಗಿಂತ ಜಾಸ್ತಿ ಇರುತ್ತೆ ಅಂತ ನನ್ನ ಅನುಮಾನ.

ಸ್ಪ್ಯಾನರ್_ಕೈ:
ಅನುಮಾನ ಏನ್ ಬಂತ್ರಿ, ನನ್ನ ಡ್ರಾವರಿನ್ಯಾಗ ಸಾಕ್ಷಿ ಅದ. ನಾ ಮೊದಲ ಬಿಚ್ಚಿದ ಲೆನ್ಸ್ ಒಂದ್ 80 ಎಂಎಂ. ರಿಂಗ್ ಬಿಗಿ ಇತ್ತು, ಸ್ಪ್ಯಾನರ್ ಇರಲಿಲ್ಲ, ಮೂಗುತುದಿ ಇಕ್ಕಳ ತಗೊಂಡು ತಿರುವಿದೆ. ಸರ್ ಅಂತ ಜಾರಿತು. ಗಾಜಿನ ನಡುವಿಂದ ಅಂಚಿನ ತನಕ ಒಂದ್ ಗೀರು, ಸಪ್ಪಳ ಇನ್ನೂ ಕಿವ್ಯಾಗ ಅದ. ಎರಡನೇದ್ದಕ್ಕ ಅಸಿಟೋನ್ ಹಾಕಿದೆ, ಗಾಜು ಝಗಝಗ ಆತು ಖರೆ, ಅಂಚಿನ ಕರೇ ಬಣ್ಣ ಕರಗಿ ಗಾಜಿನ ಸಂದ್ಯಾಗ ಇಳೀತು. ಅದಕ್ಕ ಹೇಳ್ತೀನಿ, ಅಸಿಟೋನ್ ಬ್ಯಾಡ್ರಿ, ಇಕ್ಕಳ ಮುಟ್ಟಬ್ಯಾಡ್ರಿ.

ಹಿಂದಿನ ಗುಂಪು ಇಷ್ಟ ಅಂದ್ರ ಮೊದಲ ಕೈಲೇ ನೋಡ್ರಿ. ರಬ್ಬರ್ ಗ್ಲೌಸ್ ಹಾಕ್ಕೊಂಡು ಒತ್ತಿ ಹಿಡಿದು ತಿರುವಿದ್ರ ಭಾಳಷ್ಟು ಬಿಚ್ಚತಾವ. ಮುಂದಿನ ಹೆಸರಿನ ರಿಂಗಿಗೆ ತೂತು ಇಲ್ಲಂದ್ರ ಅದೇ ಅಳತಿ ರಬ್ಬರ್ ಬಿರಡಿ ಒತ್ತಿ ತಿರುವೂದು, ಗಾಜಿಗೆ ತಾಗಬಾರದಂಗ ನಡುವ ತಗ್ಗು ಮಾಡ್ಕೋರಿ. ರಿಂಗಿನ್ಯಾಗ ಎರಡು ಕಚ್ಚು ಇದ್ರ ಸ್ಪ್ಯಾನರ್ ಬೇಕ, ಅದರ ಮೊನಿ ಕಚ್ಚಿಗೆ ಪೂರ್ತಿ ಕೂಡಬೇಕು. ಬರವಲ್ದು ಅಂದ್ರ ಥ್ರೆಡ್ಡಿಗೆ ಲ್ಯಾಕರ್ ಹಾಕಿರ್ತಾರ, ಕಡ್ಡಿ ತುದಿಲೆ ಒಂದ್ ಹನಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಿಟ್ಟು ಕಾಲು ತಾಸು ಸುಮ್ಮ ಕೂಡ್ರಿ. ಜೋರ್ ಮಾಡಬ್ಯಾಡ್ರಿ, ಕಾಯ್ರಿ.

ಬಿಚ್ಚೂದಕ್ಕ ಮೊದಲ ಹೊರಗಿನ ಬ್ಯಾರಲ್ ಮ್ಯಾಲ ಗುಂಪಿನ ಮ್ಯಾಲ ಸೇರಿಸಿ ಪೆನ್ಸಿಲ್ ಗೆರಿ ಎಳೀರಿ, ಎಷ್ಟು ಸುತ್ತಿಗೆ ಬಿಡತದ ಎಣಸ್ರಿ. ಬಿಚ್ಚುವಾಗ ಲೆನ್ಸ್ ಮೊಬೈಲ್ ಕ್ಯಾಮರಾ ಮುಂದ ಇರಲಿ, ವಿಡಿಯೋ ಆನ್ ಇರಲಿ. ಗುಂಪು ಮತ್ತ ಬ್ಯಾರಲ್ ನಡುವ ಕೂದಲಿನಷ್ಟು ತೆಳ್ಳನ ಹಿತ್ತಾಳಿ ರಿಂಗ್ ಇರಬಹುದು, ಶಿಮ್ ಅಂತಾರ, ಅದು ಕಣ್ಣಿಗೆ ಕಾಣೂದಿಲ್ಲ, ಕಳದ್ರ ಕಥಿ ಮುಗೀತು.

ಕೆಂಪುದೀಪ:
ಒರೆಸೋಕೆ ಏನು ಬಳಸ್ಲಿ? ಐಪಿಎ 99 ಪರ್ಸೆಂಟ್ ಇದೆ, ಲೈಟರ್ ಫ್ಲೂಯಿಡ್ ಇದೆ, ಡಿಸ್ಟಿಲ್ಡ್ ವಾಟರ್ ಇದೆ, ಲೆನ್ಸ್ ಟಿಶ್ಯೂ ಇದೆ.

ಹಳೇಗಾಜು:
ಎಣ್ಣೆ ಮಬ್ಬಿಗೆ ಮೊದ್ಲು ಲೈಟರ್ ಫ್ಲೂಯಿಡ್, ಆಮೇಲೆ ಐಪಿಎ. ಬರೀ ಐಪಿಎ ಹಾಕಿದ್ರೆ ಎಣ್ಣೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಕೂರುತ್ತೆ ಅಷ್ಟೇ. ಮೊದ್ಲು ಬ್ಲೋವರಲ್ಲಿ ಊದಿ ಗಟ್ಟಿ ಧೂಳು ಹಾರಿಸಿ. ದ್ರಾವಣ ಗಾಜಿಗೆ ಹಾಕ್ಬೇಡಿ, ಟಿಶ್ಯೂಗೆ ಹಾಕಿ, ಅದೂ ಒದ್ದೆ ಅನ್ನೋಷ್ಟು ಮಾತ್ರ, ಗಾಜಿಗೆ ಸುರಿದ್ರೆ ಅಂಚಲ್ಲಿ ಒಳಗಿಳಿದು ಮುಂದಿನ ಗಾಜಿಗೆ ಹೋಗುತ್ತೆ. ಮಧ್ಯದಿಂದ ಹೊರಗೆ ಸುರುಳಿಯಾಗಿ ಒಂದೇ ಸಲ ಒರೆಸಿ ಆ ಟಿಶ್ಯೂ ಎಸೀರಿ. ಎರಡನೇ ಸಲ ಅದೇ ಟಿಶ್ಯೂ ಅಂದ್ರೆ ತೆಗೆದ ಕೊಳೆನೇ ತಿರುಗಿ ಉಜ್ಜಿದಂಗೆ. ಒತ್ತಬೇಡಿ, ಹಳೇ ಲೆನ್ಸಿನ ಒಳಗಿನ ಕೋಟಿಂಗ್ ಹೊರಗಿನದಕ್ಕಿಂತ ಮೆತ್ತಗಿರಬಹುದು.

ಬ್ಲೇಡ್ ಮೇಲೆ ಎಣ್ಣೆ ಹೊಳೀತಿದ್ರೆ ಅದನ್ನೂ ಲೈಟರ್ ಫ್ಲೂಯಿಡಲ್ಲಿ ಒಣಗಿಸಿ. ಎನ್ಲಾರ್ಜರಲ್ಲಿ ಬ್ಲೇಡ್ ಫಟ್ ಅಂತ ಮುಚ್ಕೊಳ್ಳೋ ಕೆಲ್ಸ ಇಲ್ಲ, ಎಣ್ಣೆ ಇದ್ರೂ ನಡೆಯುತ್ತೆ, ಆದ್ರೆ ಮುಂದಿನ ಮಬ್ಬಿಗೆ ಅದೇ ಸರಕು. ಎಣ್ಣೆ ಹೊಸದಾಗಿ ಹಾಕೋ ಆಸೆ ಬಂದ್ರೆ ಕೈ ಕಟ್ಕೊಂಡು ಕೂತ್ಕೊಳ್ಳಿ.

ಬೆಳ್ಳಿಕಣ:
ಫಂಗಸ್ ಆಗಿದ್ರೆ ಬಿಸಿಲಿಗಿಟ್ರೆ ಸಾಕು ಅಂತ ಕೇಳಿದ್ದೆ?

ಹಳೇಗಾಜು:
ಬಿಸಿಲು ಬೂಷ್ಟಿನ ಬೆಳವಣಿಗೆ ತಡೀಬಹುದು, ಸತ್ತ ಎಳೆ ಅಲ್ಲೇ ಇರುತ್ತಲ್ಲ, ಅದನ್ನ ಒರೆಸ್ಲೇಬೇಕು. ಬಿಸಿಲಲ್ಲಿ ಲೆನ್ಸ್ ಬಿಟ್ಟು ಹೋಗ್ಬೇಡಿ, ಅದು ಭೂತಗನ್ನಡಿ ಅನ್ನೋದು ನೆನಪಿರ್ಲಿ, ಕೆಳಗಿರೋ ಬಟ್ಟೆ ಹೊತ್ತಿಕೊಳ್ಳುತ್ತೆ. ಬೂಷ್ಟಿಗೆ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡು ಮತ್ತೆ ಮನೆ ಕ್ಲೀನಿಂಗಿನ ಅಮೋನಿಯಾ ಸಮ ಸಮ ಬೆರೆಸಿ ಟಿಶ್ಯೂಲಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸೋದು ಹಳೇ ಕ್ರಮ. ಬೇಕಾದಷ್ಟೇ ಬೆರೆಸಿ, ಉಳಿದಿದ್ದನ್ನ ಬಾಟ್ಲಿಗೆ ಹಾಕಿ ಮುಚ್ಚಿಡಬೇಡಿ, ಗ್ಯಾಸ್ ತುಂಬಿ ಸಿಡಿಯುತ್ತೆ. ಬ್ಲೀಚ್ ಹತ್ರಕ್ಕೂ ತರಬೇಡಿ. ಒರೆಸಿದ್ಮೇಲೂ ಕವಲಿನ ಅಚ್ಚು ಉಳಿದ್ರೆ ಬೂಷ್ಟು ಕೋಟಿಂಗ್ ತಿಂದಾಗಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ.

ಕೆಂಪುದೀಪ:
ಬಿಚ್ಚಿದೆ!! ಹಿಂದಿನ ಗುಂಪು ಗ್ಲೌಸಲ್ಲೇ ಬಂತು, ಮೂರು ಸುತ್ತು ಚಿಲ್ರೆ. ಹೊರಗೆ ತೆಗೆದು ಟಾರ್ಚ್ ಬಿಟ್ರೆ ಗಾಜಿನ ಮೇಲೆ ನೀಲಿ ಬೂದಿಯ ಪೊರೆ, ಬೆರಳಚ್ಚು ಅಲ್ಲ, ಗೀರಲ್ಲ, ಬೆಳಗಿನ ಮಂಜು ಹುಲ್ಲಿನ ಮೇಲೆ ಕೂತಂಗೆ. ಸುತ್ತ ಅಂಚಲ್ಲಿ ಮಾತ್ರ ಬಳೆಯಷ್ಟು ಅಗಲ ಕ್ಲೀನು, ಅಲ್ಲಿ ರಿಂಗ್ ಒತ್ತಿಕೊಂಡಿತ್ತೇನೋ. ಮೊದಲ ಟಿಶ್ಯೂ ಒರೆಸಿದ್ದೇ ಸುರುಳಿ ದಾರಿ ಬಿತ್ತು, ದಾರಿಯ ಒಳಗೆ ಕನ್ನೇರಳೆ ಬಣ್ಣದ ಕೋಟಿಂಗ್ ಹೊಳೀತು ನೋಡಿ, ಈ ಲೆನ್ಸಿಗೆ ಆ ಬಣ್ಣ ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಲೈಟರ್ ಫ್ಲೂಯಿಡಲ್ಲಿ ಎರಡು ಸಲ, ಐಪಿಎಲಿ ಎರಡು ಸಲ, ಕೊನೆಗೆ ಉಸಿರು ಬಿಟ್ಟು ಒಣ ಟಿಶ್ಯೂ. ಉಸಿರಿನ ಮಂಜು ಅಂಚಿಂದ ಮಧ್ಯಕ್ಕೆ ಸಮನಾಗಿ ಆರಿತು, ಎಲ್ಲೂ ಕಲೆ ಉಳೀಲಿಲ್ಲ.

ವಾಪಸ್ ಜೋಡಿಸಿ ಒಂದು ನೆಗೆಟಿವ್ ಹಾಕಿ ನೋಡ್ದೆ. ಮಧ್ಯದಲ್ಲಿ ಗ್ರೇನ್ ಫೋಕಸರಿಗೆ (ಫಿಲ್ಮಿನ ಕಣ ದೊಡ್ಡದಾಗಿ ತೋರಿಸೋ ಸಾಧನ) ಗ್ರೇನ್ ಕತ್ತರಿಸಿದಂಗೆ ಕಾಣ್ತಿದೆ. ಮೂಲೆಗಳು ಹೋಗಿವೆ. ನಾಲ್ಕೂ. ಎಫ್ 4ರಲ್ಲಿ ಮೊದ್ಲು ಇಷ್ಟು ಕೆಟ್ಟದಾಗಿರ್ಲಿಲ್ಲ, ಎಫ್ 8ರಲ್ಲೂ ಸ್ವಲ್ಪ ಹಾಗೇ ಇದೆ. ಏನ್ ಮಾಡ್ದೆ ನಾನು?

ಸ್ಪ್ಯಾನರ್_ಕೈ:
ಒಂದ ಮೂಲಿ ಹೋಗಿದ್ರ ಗುಂಪು ಸೊಟ್ಟ ಕೂತದ ಅಂತಿದ್ದೆ. ನಾಲ್ಕೂ ಸಮ ಹೋಗ್ಯಾವ ಅಂದ್ರ ಎರಡು ಗುಂಪಿನ ನಡುವಿನ ಅಂತರ ಬದಲಾಗ್ಯದ. ಪೆನ್ಸಿಲ್ ಗೆರಿ ಕೂಡತದೋ ಇಲ್ಲೋ? ಶಿಮ್ ಹುಡುಕ್ರಿ.

ಕೆಂಪುದೀಪ:
ಗೆರೆ ಹೆಚ್ಚುಕಮ್ಮಿ ಒಂದು ಬೆಂಕಿಕಡ್ಡಿ ದಪ್ಪದಷ್ಟು ಮುಂದೆ ಹೋಗಿ ನಿಂತಿದೆ. ನಾನು ಬಿಗಿ ಜಾಸ್ತಿ ಮಾಡಿದೆ ಅನ್ಕೊಂಡಿದ್ದೆ. ಶಿಮ್ ನೋಡೇ ಇಲ್ಲ ಸರ್, ವಿಡಿಯೋಲೂ ಕಾಣಲ್ಲ.

ಸ್ಪ್ಯಾನರ್_ಕೈ:
ಒರೆಸಿದ ಬಟ್ಟಿ ಝಾಡಸ್ರಿ.

ಕೆಂಪುದೀಪ:
ಸಿಕ್ತು. ಟೇಬಲ್ ಮೇಲೆ ಹಾಸಿದ್ದ ಮೈಕ್ರೋಫೈಬರ್ ಬಟ್ಟೆಗೆ ಅಂಟ್ಕೊಂಡಿತ್ತು, ಎಣ್ಣೆ ಪಸೆ ಇತ್ತಲ್ಲ ಅದಕ್ಕೆ. ನೂಲಿನ ಎಳೆ ಅನ್ಕೊಂಡು ಎಸೀತಿದ್ದೆ, ಟಾರ್ಚಿಗೆ ಬಂಗಾರದ ಥರ ಮಿಂಚಿದ್ದಕ್ಕೆ ಬದುಕಿದೆ. ಹಾಕಿ ತಿರುಪಿದ್ರೆ ಗೆರೆಗೆ ಗೆರೆ ಕೂತ್ತು. ಮೂಲೆಗಳು ವಾಪಸ್ ಬಂದ್ವು, ನಾಲ್ಕು ಮೂಲೆಗೂ ಗ್ರೇನ್ ಫೋಕಸರ್ ಇಟ್ಟು ಒಂದೊಂದೇ ನೋಡ್ದೆ, ಎಫ್ 5.6ಕ್ಕೆ ನಾಲ್ಕರಲ್ಲೂ ಗ್ರೇನ್ ಇದೆ.

ನಾಣ್ಯ: 12 ಸೆಕೆಂಡಲ್ಲಿ ಕಾಣಲ್ಲ. 48ರಲ್ಲಿ ಗೊತ್ತಿರೋ ಜಾಗ ದಿಟ್ಟಿಸಿ ನೋಡಿದ್ರೆ ಇದ್ಯೇನೋ ಅನ್ಸುತ್ತೆ. 192ರಲ್ಲಿ ತೆಳು ಬೂದು. ಹಳೇ ಮೂರು ಪ್ರಿಂಟು ಹೊಸ ಮೂರು ಪ್ರಿಂಟು ಪಕ್ಕಪಕ್ಕ ಗೋಡೆಗೆ ಅಂಟಿಸಿದೀನಿ. ಆ ಮೋಡದ ನೆಗೆಟಿವನ್ನೂ ಮತ್ತೆ ಪ್ರಿಂಟ್ ಮಾಡ್ದೆ, ಮೊದ್ಲು ಗ್ರೇಡ್ 3½ ಬೇಕಾಗಿತ್ತು, ಈಗ ಗ್ರೇಡ್ 3ರಲ್ಲೇ ಮೋಡದ ಹೊಟ್ಟೆ ಬೇರೆ ಅಂಚು ಬೇರೆ ಕಾಣ್ತಿದೆ.

ಎಫ್_ಎಂಟು:
ಒಳ್ಳೇದಾಯ್ತು. ಚುಕ್ಕೆಗಳು?

ಕೆಂಪುದೀಪ:
ಅವೆಲ್ಲ ಅಲ್ಲೇ ಇವೆ. ಆರೂ, ಗುಳ್ಳೆ ಸೇರಿ ಏಳು. ಮುಂದಿನ ಗುಂಪು ಮುಟ್ಟಲಿಲ್ಲ.

ಎಫ್_ಎಂಟು:
ಅಷ್ಟು ಕೇಳ್ಬೇಕಿತ್ತು 😄

ಹೈಪೋಹನಿ:
ಆ ಆರು ಪ್ರಿಂಟ್ ಹಿಂದೆ ತಾರೀಕು, ಎಫ್ ನಂಬರ್, ಟೈಮ್ ಬರೆದು ಎತ್ತಿಡಿ. ಮಬ್ಬು ಮತ್ತೆ ಬರಬಹುದು, ಟಾರ್ಚ್ ಬಿಟ್ಟು ನಿದ್ದೆ ಕೆಡಿಸ್ಕೊಳ್ಳೋ ಬದ್ಲು ವರ್ಷಕ್ಕೊಂದ್ಸಲ 48 ಸೆಕೆಂಡಿನ ಪ್ರಿಂಟ್ ಮಾಡಿ ಹಳೇದರ ಪಕ್ಕ ಇಟ್ಟು ನೋಡಿ. ಲೆನ್ಸ್ ಎನ್ಲಾರ್ಜರಲ್ಲೇ ಬಿಡೋರಾದ್ರೆ ಕ್ಯಾರಿಯರ್ ಮುಚ್ಚಿಡಿ, ಹಿಂದಿನ ಗಾಜು ಆಕಾಶ ನೋಡ್ಕೊಂಡಿರುತ್ತೆ, ಬೀಳೋ ಧೂಳೆಲ್ಲ ಅದರ ಮೇಲೇ.

ಹಳೇಗಾಜು:
ಬಿಚ್ಚಿ ಡಬ್ಬಿಯಲ್ಲಿಡೋರಾದ್ರೆ ಸಿಲಿಕಾ ಜೆಲ್ ಜೊತೆ, ತೇವ 40ರಿಂದ 50 ಪರ್ಸೆಂಟ್ ಇದ್ರೆ ಸಾಕು. ಚರ್ಮದ ಚೀಲದಲ್ಲಿ ಬೇಡ, ಬೂಷ್ಟಿಗೆ ಅದು ತವರುಮನೆ. ಫಿಕ್ಸರ್ ಟ್ರೇ ಪಕ್ಕದ ಕಪಾಟಲ್ಲೂ ಬೇಡ.

ಬೆಳ್ಳಿಕಣ:
ನಂದೂ ಒಂದು ವರದಿ. ನೆಗೆಟಿವ್ ಜರುಗಿಸಿದ್ರೆ ಕಪ್ಪು ಚುಕ್ಕೆ ಚಿತ್ರದ ಜೊತೆಗೇ ಹೋದ್ವು. ಲೂಪಲ್ಲಿ ನೆಗೆಟಿವ್ ನೋಡಿದ್ರೆ ದುಂಡು ದುಂಡಾಗಿ ಖಾಲಿ ಜಾಗ, ಪ್ರತಿ ಫ್ರೇಮಲ್ಲೂ ಬೇರೆ ಬೇರೆ ಕಡೆ. ಡೆವಲಪ್ ಮಾಡುವಾಗ ಟ್ಯಾಂಕ್ ತಟ್ಟೋದೇ ಮರೀತಿದ್ದೆ, ಗಾಳಿ ಗುಳ್ಳೆ ಫಿಲ್ಮಿಗೆ ಕಚ್ಕೊಂಡು ಅಲ್ಲಿಗೆ ಡೆವಲಪರ್ ಹೋಗೇ ಇಲ್ಲ. ಈ ಸಲದ ರೋಲಲ್ಲಿ ಟ್ಯಾಂಕನ್ನ ಟೇಬಲ್ಲಿಗೆ ನಾಲ್ಕು ಸಲ ಕುಟ್ಟಿದೆ, ಒಂದೂ ಇಲ್ಲ. ಸ್ಪ್ಯಾನರ್ ನಿನ್ನೆ ಬಂತು, ಪ್ಯಾಕೆಟ್ ಒಡೆದಿಲ್ಲ, ಯಾರಿಗಾದ್ರೂ ಬೇಕಿದ್ರೆ ಹೇಳಿ.